ನನ್ನ ಕೆಲಸಕ್ಕೆ ಎಷ್ಟು ಅಂಕ ಬಂತು, ಸರ್?

ಒಬ್ಬರು ನನ್ನನ್ನು ಈ ಪ್ರಶ್ನೆ ಕೇಳಿ ಹದಿನೈದು ವರ್ಷದ ಮೇಲಾಯಿತು. ಆಗ ನಾನು ಸರಿಯಾದ ಉತ್ತರ ಕೊಡಲಿಲ್ಲ. ಒಂದು ಎಚ್‌ಆರ್ ಕನ್ಸಲ್ಟಿಂಗ್ ಸಂಸ್ಥೆಗೆ ಸೇರಿ ಎಂಟೋ ಒಂಬತ್ತೋ ತಿಂಗಳಾಗಿತ್ತು ಅಷ್ಟೇ. ದೊಡ್ಡ ಕಾರ್ಖಾನೆಯೊಂದರ ಎಲ್ಲ ಹುದ್ದೆಗಳನ್ನೂ ತೂಗಿ, ಅಂಕ ಹಾಕಿ, ಹೊಸ ಗ್ರೇಡ್ ಪಟ್ಟಿ ಮಾಡಿಕೊಡುವ ಕೆಲಸವನ್ನು ನಮ್ಮ ಸಂಸ್ಥೆ ಒಪ್ಪಿಕೊಂಡಿತ್ತು. ಜಾಬ್ ಇವ್ಯಾಲ್ಯುಯೇಶನ್ ಅಂತಾರಲ್ಲ, ಅದೇ. ಹಿರಿಯರು ಮೀಟಿಂಗ್ ನೋಡಿಕೊಳ್ಳುತ್ತಿದ್ದರು. ನನ್ನಂಥ ಹೊಸಬರು ಫಾರ್ಮ್ ಹಿಡಿದು ಒಬ್ಬೊಬ್ಬರ ಹತ್ತಿರ ಹೋಗಿ, ನೀವು ಏನು ಕೆಲಸ ಮಾಡ್ತೀರಿ ಅಂತ ಕೇಳಿ ಬರೆದುಕೊಂಡು ಬರಬೇಕಿತ್ತು.

ಆ ಪ್ರಶ್ನೆ ಕೇಳಿದ ಹೆಂಗಸು ಡಿಸ್ಪ್ಯಾಚ್ ವಿಭಾಗದವರು. ಲಾರಿ ನಿಲ್ಲುವ ಕಡೆಯ ಕಿಟಕಿಯ ಪಕ್ಕ ಅವರ ಟೇಬಲ್. ಐವತ್ತರ ಆಸುಪಾಸಿನ ವಯಸ್ಸು. ಮೇಜಿನ ಮೇಲೆ ಮೂರು ರಿಜಿಸ್ಟರ್, ಒಂದು ಫೋನ್, ಒಂದು ಹಳೇ ಕಂಪ್ಯೂಟರ್, ಒಂದು ತುದಿ ಕೆಂಪು ಇನ್ನೊಂದು ತುದಿ ನೀಲಿ ಇರುವ ಪೆನ್ಸಿಲ್. ಮುಕ್ಕಾಲು ಗಂಟೆಯಲ್ಲಿ ಮುಗಿಸೋಣ ಅಂತ ಹೋದವನು ಮೂರು ಗಂಟೆ ಕೂತೆ. ನನ್ನ ಪ್ರಶ್ನೆಗೆ ಉತ್ತರ ಕೊಡೋಕೆ ಅವರಿಗೆ ಪುರುಸೊತ್ತೇ ಇರಲಿಲ್ಲ. ಒಂದು ವಾಕ್ಯ ಶುರು ಮಾಡುತ್ತಿದ್ದರು, ಫೋನ್ ಬರುತ್ತಿತ್ತು. ಇನ್ನೊಂದು ಶುರು ಮಾಡುತ್ತಿದ್ದರು, ಕಿಟಕಿಯಲ್ಲಿ ಡ್ರೈವರ್ ಒಬ್ಬ ಬಂದು ನಿಲ್ಲುತ್ತಿದ್ದ. ಬೆಳಗಿನಿಂದ ಕಾದು ಸಿಟ್ಟಿಗೆದ್ದ ಒಬ್ಬ ಡ್ರೈವರ್ ಗಟ್ಟಿಯಾಗಿ ಕೂಗಾಡಿದ. ಇವರು ದನಿ ಎತ್ತಲಿಲ್ಲ. ಅವನ ಹಿಂದಿನ ಸಲದ ಲೋಡ್ ಯಾವುದು, ಎಷ್ಟು ಹೊತ್ತಿಗೆ ಹೊರಟಿದ್ದ ಅಂತ ನೆನಪಿನಿಂದಲೇ ಹೇಳಿ, ಇವತ್ತು ಎಷ್ಟನೇ ಸರದಿ ಅನ್ನೋದನ್ನು ರಿಜಿಸ್ಟರ್ ತಿರುಗಿಸಿ ತೋರಿಸಿದರು. ಅವನು ಸುಮ್ಮನಾಗಿ, "ಆಯ್ತಕ್ಕ" ಅಂತ ಹೋಗಿ ಕೂತ.

ಮಧ್ಯಾಹ್ನದ ಹೊತ್ತಿಗೆ ಇನ್ನೊಂದು ನಡೆಯಿತು. ಗೇಟಿನ ಹತ್ತಿರ ಹೋಗಿದ್ದ ಲಾರಿಯೊಂದರ ತೂಕದ ಚೀಟಿ ಇವರ ಕೈಗೆ ಬಂತು. ಒಂದು ಕ್ಷಣ ಅದನ್ನೇ ನೋಡಿದರು. ಫೋನ್ ಎತ್ತಿ, ಆ ಗಾಡಿ ನಿಲ್ಲಿಸಿ ಅಂದರು. ನಾನು ಯಾಕೆ ಅಂತ ಕೇಳಿದೆ. "ನಲವತ್ತು ಬಾಕ್ಸ್ ಆ ಪಾರ್ಟ್ ತುಂಬಿದ್ರೆ ಇಷ್ಟು ಹಗುರ ಬರಲ್ಲ ಸರ್, ಬೇರೆ ಏನೋ ಹೋಗಿದೆ" ಅಂದರು. ತೆಗೆದು ನೋಡಿದರೆ ನಿಜವಾಗಿಯೂ ಬೇರೆ ಪಾರ್ಟ್. ಪಾರ್ಟ್ ನಂಬರಿನ ಒಂದು ಅಂಕಿ ತಪ್ಪಿತ್ತು. ಕಂಪ್ಯೂಟರ್ ಅದನ್ನು ಹಿಡಿದಿರಲಿಲ್ಲ. ಗ್ರಾಹಕರ ಹತ್ತಿರ ಹೋಗಿ ಬಿಚ್ಚಿದ ಮೇಲೆ ಗೊತ್ತಾಗಿದ್ದರೆ ಅಲ್ಲಿ ಒಂದು ದಿನದ ಕೆಲಸ ನಿಂತಿರುತ್ತಿತ್ತು.

ನನ್ನ ಕೈಯಲ್ಲಿದ್ದ ಫಾರ್ಮಿನಲ್ಲಿ ಇದಕ್ಕೆ ಜಾಗವೇ ಇರಲಿಲ್ಲ. ಕೈಕೆಳಗೆ ಎಷ್ಟು ಜನ? ಸೊನ್ನೆ. ಎಷ್ಟು ಮೊತ್ತದ ಬಜೆಟ್ ನೋಡಿಕೊಳ್ಳುತ್ತೀರಿ? ಸೊನ್ನೆ. ಬೇಕಾದ ವಿದ್ಯಾರ್ಹತೆ? ಅದೂ ಸಾಧಾರಣ. 'ಹುದ್ದೆಯ ಉದ್ದೇಶ' ಎಂಬ ಒಂದು ಸಾಲಿನಲ್ಲಿ ನಾನು ಬರೆದದ್ದು ಇಷ್ಟೇ: ಸರಕು ರವಾನೆಯ ದಾಖಲೆ ಇಡುವುದು. ಏಳುವಾಗ ಅವರು ನನ್ನ ಫಾರ್ಮಿನ ಕಡೆ ನೋಡಿ, ಇದರಲ್ಲಿ ನನಗೆ ಅಂಕ ಹಾಕ್ತೀರಲ್ವಾ ಅಂತ ಕೇಳಿದರು. ಹೌದು ಮೇಡಂ ಅಂದೆ. ಆರು ವಾರ ಬಿಟ್ಟು ಮತ್ತೆ ಅಲ್ಲಿಗೆ ಹೋದಾಗ ಕಾರಿಡಾರಿನಲ್ಲಿ ಸಿಕ್ಕರು. ನಗುತ್ತಲೇ ಕೇಳಿದರು: "ನನ್ನ ಕೆಲಸಕ್ಕೆ ಎಷ್ಟು ಅಂಕ ಬಂತು, ಸರ್?" ಅದು ಗೌಪ್ಯ ಮೇಡಂ, ಹೇಳೋ ಹಾಗಿಲ್ಲ ಅಂದೆ. ಗೌಪ್ಯ ಅನ್ನುವುದು ಸುಳ್ಳಲ್ಲ, ಒಪ್ಪಂದದಲ್ಲೇ ಹಾಗೆ ಬರೆದಿತ್ತು. ಆದರೆ ಆ ಅಂಕ ನನಗೆ ಬಾಯಿಪಾಠವಾಗಿತ್ತು. ಯಾಕೆ ಅನ್ನೋದನ್ನು ಮುಂದೆ ಹೇಳುತ್ತೇನೆ.

ಅಂಕ ಹಾಕುವ ಕಸುಬು

ಈ ಕಸುಬು ಎಲ್ಲಿಂದ ಬಂತು ಅಂತ ಹುಡುಕಲು ಶುರು ಮಾಡಿದ್ದು ಆಮೇಲೆ. ಕೆಲಸಕ್ಕೆ ಸೇರಿದಾಗ ನಮಗೆ ಚಾರ್ಟ್ ಕೊಟ್ಟರು, ಬಳಸುವುದನ್ನು ಕಲಿಸಿದರು. ಅದರ ಹಿಂದಿನ ಕತೆ ಯಾರೂ ಹೇಳಲಿಲ್ಲ. ಓದುತ್ತಾ ಹೋದಂತೆ ಒಂದು ವಿಷಯ ನನ್ನನ್ನು ಹಿಡಿದು ನಿಲ್ಲಿಸಿತು. ಈ ಉದ್ಯಮ ಬೆಳೆದದ್ದು ಜನರನ್ನು ಹೇಗೆ ನೋಡಿಕೊಳ್ಳಬೇಕು ಎಂಬ ಯೋಚನೆಯಿಂದ ಅಂತ ನಾನು ಅಂದುಕೊಂಡಿದ್ದೆ. ಬೆಳೆಸಿದ್ದು ಬಹುಪಾಲು ಯುದ್ಧಗಳು ಮತ್ತು ಪಿಂಚಣಿಯ ಲೆಕ್ಕ.

ಮೊದಲ ಮಹಾಯುದ್ಧಕ್ಕೆ ಅಮೆರಿಕ ಇಳಿದಾಗ, 1917ರಲ್ಲಿ, ಸೈನ್ಯಕ್ಕೆ ಬಂದ ಲಕ್ಷಾಂತರ ಜನರಲ್ಲಿ ಯಾರನ್ನು ಎಲ್ಲಿ ಹಾಕಬೇಕು ಅನ್ನೋದೇ ದೊಡ್ಡ ತಲೆನೋವಾಯಿತು. ಆ ಕೆಲಸಕ್ಕೆ ಒಂದು ಸಮಿತಿ ಆಯಿತು. ಅದನ್ನು ನಡೆಸಿದವರು ವಾಲ್ಟರ್ ಡಿಲ್ ಸ್ಕಾಟ್ ಎಂಬ ಮನಶ್ಶಾಸ್ತ್ರಜ್ಞ. ಮನುಷ್ಯನ ಅನುಭವ, ಕೈಕೆಲಸ, ಗುಣ ಎಲ್ಲವನ್ನೂ ಒಂದು ಕಾರ್ಡಿಗೆ ಇಳಿಸುವ ಪದ್ಧತಿ ಅಲ್ಲಿ ಪಳಗಿತು. ಯುದ್ಧ ಮುಗಿದ ಮೇಲೆ, 1919ರಲ್ಲಿ, ಅವರೂ ಜೊತೆಗಾರರೂ ಸೇರಿ ಇದೇ ಕೆಲಸವನ್ನು ಕಂಪನಿಗಳಿಗೆ ಮಾಡಿಕೊಡುವ ಸ್ಕಾಟ್ ಕಂಪನಿ ಶುರು ಮಾಡಿದರು. ಸಿಬ್ಬಂದಿ ವಿಷಯದಲ್ಲೇ ಸಲಹೆ ಕೊಡುವ ಸಂಸ್ಥೆಗಳಲ್ಲಿ ಇದನ್ನೇ ಮೊದಲನೆಯದು ಎನ್ನುತ್ತಾರೆ. ಅದು ಜಾಸ್ತಿ ವರ್ಷ ಬಾಳಲಿಲ್ಲ. ಆದರೆ ದಾರಿ ತೋರಿಸಿತು.

ಎರಡನೇ ಯುದ್ಧ ಇನ್ನೂ ದೊಡ್ಡ ತಿರುವು ಕೊಟ್ಟಿತು. 1942ರಲ್ಲಿ ಅಮೆರಿಕದ ಸರ್ಕಾರ ಬೆಲೆ ಏರಿಕೆ ತಡೆಯೋಕೆ ಸಂಬಳಕ್ಕೆ ಬೀಗ ಹಾಕಿತು. ಕೆಲಸಗಾರರ ಕೊರತೆ, ಸಂಬಳ ಏರಿಸುವ ಹಾಗಿಲ್ಲ. ಕಂಪನಿಗಳಿಗೆ ಎರಡು ಕಿಂಡಿ ಉಳಿದಿದ್ದವು. ಒಂದು, ಪಿಂಚಣಿ, ವಿಮೆಯಂಥ ಸವಲತ್ತು. ಅವಕ್ಕೆ ಆ ಬೀಗ ತಾಗಲಿಲ್ಲ. ಇನ್ನೊಂದು, ಒಂದೇ ಕಾರ್ಖಾನೆಯೊಳಗೆ ಒಂದು ಕೆಲಸಕ್ಕೂ ಇನ್ನೊಂದಕ್ಕೂ ಸಂಬಳದಲ್ಲಿ ಅನ್ಯಾಯದ ಅಂತರ ಇದೆ ಅಂತ ತೋರಿಸಿದರೆ ಅದನ್ನು ಸರಿಮಾಡಲು ಅವಕಾಶ. ಮೊದಲನೆಯದಕ್ಕೆ, ಪಿಂಚಣಿ ವಿಮೆಗೆ ಎಷ್ಟು ದುಡ್ಡು ಬೇಕಾಗುತ್ತದೆ ಅಂತ ಲೆಕ್ಕ ಹಾಕುವ ಆಕ್ಚುಯರಿಗಳು ಬೇಕು. ಎರಡನೆಯದಕ್ಕೆ ಕೆಲಸಗಳನ್ನು ತೂಗುವ ಕ್ರಮ ಬೇಕು. ಹೆವಿಟ್ ಎಂಬ ಸಂಸ್ಥೆ 1940ರಲ್ಲಿ ಶುರುವಾಗಿತ್ತು, ಎಡ್ವರ್ಡ್ ಹೇ ತಮ್ಮ ಸಂಸ್ಥೆ ತೆರೆದದ್ದು 1943ರಲ್ಲಿ, ಕೆನಡಾದ ವ್ಯಾಂಕೂವರಿನಲ್ಲಿ ವಿಲಿಯಂ ಮರ್ಸರ್ ಶುರು ಮಾಡಿದ್ದು 1945ರಲ್ಲಿ, ವಯಟ್ 1946ರಲ್ಲಿ. ಇವತ್ತು ಈ ಉದ್ಯಮದ ದೊಡ್ಡ ಹೆಸರುಗಳ ಬೇರು ಹುಡುಕಿದರೆ ಹೆಚ್ಚುಕಡಿಮೆ ಆ ಆರೇಳು ವರ್ಷಕ್ಕೇ ಹೋಗಿ ನಿಲ್ಲುತ್ತದೆ. ಟವರ್ಸ್ ಪೆರಿನ್ ಸ್ವಲ್ಪ ಮುಂಚೆ, 1934. ಇಂಗ್ಲೆಂಡಿನ ವಾಟ್ಸನ್ ಮಾತ್ರ ಬಹಳ ಹಳೆಯದು, 1878ರಲ್ಲೇ ಶುರುವಾದ ಆಕ್ಚುಯರಿ ಸಂಸ್ಥೆ.

ಹೇ ಅವರ ಪದ್ಧತಿ ಆಮೇಲೆ ಲೋಕವೆಲ್ಲಾ ಹರಡಿತು. 1950ರ ದಶಕದ ಶುರುವಿನಲ್ಲಿ ರೂಪ ಪಡೆದ ಅವರ ಚಾರ್ಟುಗಳು ಪ್ರತಿ ಹುದ್ದೆಯನ್ನು ಮೂರು ಕಡೆಯಿಂದ ನೋಡುತ್ತವೆ. ಏನು ಗೊತ್ತಿರಬೇಕು, ಎಷ್ಟು ಯೋಚಿಸಿ ಬಿಡಿಸಬೇಕು, ಯಾವುದಕ್ಕೆ ಹೊಣೆ. ಅಂಕಗಳು ಒಂದೊಂದಾಗಿ ಏರುವುದಿಲ್ಲ, ಒಂದು ಮೆಟ್ಟಿಲಿಗೂ ಮುಂದಿನದಕ್ಕೂ ಸುಮಾರು 15%ರಷ್ಟು ಅಂತರ. ಎರಡು ಕೆಲಸಗಳ ನಡುವಿನ ವ್ಯತ್ಯಾಸ ಅನುಭವ ಇರುವವರ ಕಣ್ಣಿಗೆ ಬೀಳಬೇಕಾದರೆ ಕನಿಷ್ಠ ಅಷ್ಟಿರಬೇಕು ಎಂಬ ಲೆಕ್ಕ. ಕೈಯಲ್ಲಿ ಎರಡು ಭಾರ ಹಿಡಿದಾಗ ಯಾವುದು ಹೆಚ್ಚು ಅಂತ ಗೊತ್ತಾಗಲು ಎಷ್ಟು ವ್ಯತ್ಯಾಸ ಬೇಕು ಅಂತ ಮನಶ್ಶಾಸ್ತ್ರದಲ್ಲಿ ಒಂದು ಹಳೇ ಪ್ರಯೋಗ ಇದೆ, ಅದರಿಂದ ಬಂದ ಯೋಚನೆ. ಇದನ್ನು ಓದಿದ ದಿನ ನನಗೆ ಆ ತೂಕದ ಚೀಟಿ ನೆನಪಾಯಿತು. ಆಕೆ ಭಾರವನ್ನು ಕೈಯಲ್ಲಿ ಹಿಡಿದಿರಲೇ ಇಲ್ಲ, ಬರೀ ಕಾಗದದ ಮೇಲಿನ ಅಂಕಿ ನೋಡಿ ಹಗುರ ಅಂದಿದ್ದರು.

ನನ್ನ ಸಂಸ್ಥೆ ಬಳಸುತ್ತಿದ್ದದ್ದು ಅದರದ್ದೇ ಸ್ವಂತ ಚಾರ್ಟ್. ಆದರೆ ಈ ಬಗೆಯ ಚಾರ್ಟುಗಳೆಲ್ಲ ದಾಯಾದಿಗಳೇ. ಕೈಕೆಳಗಿನ ಜನ ಮತ್ತು ಕೈಯಲ್ಲಿರುವ ದುಡ್ಡು ಸುಲಭವಾಗಿ ಎಣಿಕೆಗೆ ಸಿಗುತ್ತವೆ, ಹಾಗಾಗಿ ಅವಕ್ಕೆ ಅಂಕ ಬೇಗ ಬೀಳುತ್ತದೆ. ಸಿಟ್ಟಿಗೆದ್ದವನನ್ನು ಸಮಾಧಾನ ಮಾಡುವುದು, ತಪ್ಪಾಗುವ ಮುಂಚೆ ಹಿಡಿಯುವುದು ಎಣಿಕೆಗೆ ಸಿಗಲ್ಲ. ತಪ್ಪು ಆಗದೇ ಹೋದರೆ ದಾಖಲೆಯೂ ಆಗುವುದಿಲ್ಲ ಅಲ್ವಾ.

ಸಮಿತಿಯ ಕೋಣೆ

ಈಗ ಆ ಅಂಕದ ವಿಷಯ. ಫಾರ್ಮುಗಳೆಲ್ಲ ಬಂದ ಮೇಲೆ ಒಂದು ಸಮಿತಿ ಕೂರುತ್ತದೆ. ಬೇರೆ ಬೇರೆ ವಿಭಾಗದ ಏಳು ಜನ ಮುಖ್ಯಸ್ಥರು, ನಮ್ಮ ಕಡೆಯ ಹಿರಿಯರು ಒಬ್ಬರು, ಲ್ಯಾಪ್‌ಟಾಪ್ ಹಿಡಿದು ಮೂಲೆಯಲ್ಲಿ ನಾನು. ಎರಡು ದಿನದಲ್ಲಿ ಅರವತ್ತು ಚಿಲ್ಲರೆ ಹುದ್ದೆ ಮುಗಿಸಬೇಕು. ಮೊದಲ ದಿನ ಬೆಳಿಗ್ಗೆ ಒಂದೊಂದು ಹುದ್ದೆಗೆ ಅರ್ಧ ಗಂಟೆ ಚರ್ಚೆ ನಡೆಯಿತು. ಎರಡನೇ ದಿನ ಸಂಜೆ ಹೊತ್ತಿಗೆ ಎಲ್ಲರೂ ಸೋತಿದ್ದರು, ಐದು ನಿಮಿಷಕ್ಕೆ ಒಂದು ಹೋಗುತ್ತಿತ್ತು. ಡಿಸ್ಪ್ಯಾಚ್ ಬಂದದ್ದು ಮೊದಲ ದಿನ ಮಧ್ಯಾಹ್ನ. ಅವರ ಪುಣ್ಯ ಅಂದುಕೊಂಡೆ, ಆಗಿನ್ನೂ ಜನ ಕಿವಿಗೊಟ್ಟು ಕೇಳುತ್ತಿದ್ದರು. ಆ ಲಾರಿಯ ಕತೆ ಹೇಳಲು ನನಗೆ ಅವಕಾಶ ಸಿಕ್ಕಿತು, ಹೇಳಿದೆ. ಪ್ರೊಡಕ್ಷನ್ ಮುಖ್ಯಸ್ಥರು ತಲೆಯಾಡಿಸಿ, ಅವರಿಲ್ಲದ ದಿನ ಅಲ್ಲಿ ಏನಾಗುತ್ತೆ ಅಂತ ನನಗೆ ಗೊತ್ತು ಅಂದರು. 318 ಅಂಕ ಬಂತು. ಗ್ರೇಡಿನ ಗೆರೆ ಇದ್ದದ್ದು 300ಕ್ಕೆ. ಅಂದರೆ ಅವರು ಒಂದು ಗ್ರೇಡ್ ಮೇಲೆ ಹೋಗುತ್ತಾರೆ.

ಎಲ್ಲ ಮುಗಿದ ಮೇಲೆ ಕೊನೆಗೊಂದು ಸುತ್ತು ಇರುತ್ತದೆ. ಎಲ್ಲ ಹುದ್ದೆಗಳನ್ನೂ ಅಂಕದ ಪ್ರಕಾರ ಮೇಲಿನಿಂದ ಕೆಳಗೆ ಗೋಡೆಯ ಮೇಲೆ ತೋರಿಸಿ, ಎಲ್ಲಾದರೂ ಎಡವಟ್ಟಾಗಿ ಎದ್ದು ಕಾಣುತ್ತದೆಯೇ ಅಂತ ನೋಡುವುದು. ಇದು ಒಳ್ಳೇ ಉದ್ದೇಶಕ್ಕೇ ಇರುವ ಸುತ್ತು. ಆಯಾಸದಲ್ಲಿ ಹಾಕಿದ ತಪ್ಪು ಅಂಕ ಇಲ್ಲಿ ಸಿಕ್ಕಿಬೀಳುತ್ತದೆ. ಆದರೆ ಏನು ಎಡವಟ್ಟು ಅಂತ ಹೇಳುವುದು ನಮ್ಮ ಕಣ್ಣು. ಕಣ್ಣಿಗೆ ಅಭ್ಯಾಸವಾಗಿರುವುದು ಹಳೇ ಪಟ್ಟಿ. ಒಬ್ಬರು ಪರದೆಯ ಕಡೆ ಬೆರಳು ತೋರಿಸಿ, "ಡಿಸ್ಪ್ಯಾಚ್ ಟೇಬಲ್‌ನವರು ನಮ್ಮ ಅಕೌಂಟ್ಸ್ ಎಕ್ಸಿಕ್ಯೂಟಿವ್‌ಗಿಂತ ಮೇಲೆ ಹೇಗೆ ಬರ್ತಾರೆ?" ಅಂದರು. ಕೋಪ ಇರಲಿಲ್ಲ ಅವರ ಮಾತಿನಲ್ಲಿ. ನಿಜವಾಗಿಯೂ ಅರ್ಥವಾಗದೆ ಕೇಳಿದ್ದು. ಸಂಜೆ ಏಳಾಗಿತ್ತು. ಪ್ರೊಡಕ್ಷನ್ ಮುಖ್ಯಸ್ಥರು ಅಷ್ಟರಲ್ಲಿ ಎದ್ದು ಹೋಗಿದ್ದರು. ನಮ್ಮ ಹಿರಿಯರು ನನ್ನ ಕಡೆ ತಿರುಗಿ, 'ಯೋಚನೆ' ಕಾಲಮ್ಮಿನಲ್ಲಿ ಒಂದು ಮೆಟ್ಟಿಲು ಇಳಿಸಿ ನೋಡೋಣ ಅಂದರು. ಇಳಿಸಿದೆ. 274 ಆಯಿತು. ಪಟ್ಟಿ ನೋಡಲು ಅಚ್ಚುಕಟ್ಟಾಯಿತು, ಎಲ್ಲರೂ ಸಮಾಧಾನವಾಗಿ ಮುಂದಿನ ಸಾಲಿಗೆ ಹೋದರು. ನಾನು ಬಾಯಿ ಬಿಡಲಿಲ್ಲ. ಆ ಕೋಣೆಯಲ್ಲಿ ಅವರ ಪಕ್ಕ ಮೂರು ಗಂಟೆ ಕೂತು ನೋಡಿದವನು ನಾನೊಬ್ಬನೇ.

ಕನ್ಸಲ್ಟೆಂಟ್‌ಗಳಿಗೆ ಕಂಪನಿಗಳು ಯಾಕೆ ದುಡ್ಡು ಕೊಡುತ್ತವೆ ಅನ್ನೋದು ನನಗೆ ಅರ್ಥವಾಗಿದ್ದು ಆ ವರ್ಷವೇ. ಸಲಹೆಗೆ ಕೊಡುತ್ತಾರೆ, ಸರಿ. ಅದಕ್ಕಿಂತ ಜಾಸ್ತಿ, ನಿರ್ಧಾರ ತಮ್ಮದಲ್ಲ ಅಂತ ಹೇಳಿಕೊಳ್ಳುವ ಅನುಕೂಲಕ್ಕೆ ಕೊಡುತ್ತಾರೆ. ಹೊಸ ಗ್ರೇಡ್ ಪತ್ರ ಬಂದ ದಿನ ಯಾರಾದರೂ ಮ್ಯಾನೇಜರ ಹತ್ತಿರ ಹೋಗಿ ಯಾಕೆ ಹೀಗೆ ಅಂತ ಕೇಳಿದರೆ, ಹೊರಗಿನವರು ಶಾಸ್ತ್ರೀಯವಾಗಿ ಮಾಡಿದ್ದು ಅನ್ನುವ ಉತ್ತರ ಸಿಗುತ್ತದೆ. ನಮ್ಮನ್ನು ಕೇಳಿದರೆ, ಸಮಿತಿ ನಿಮ್ಮ ಕಂಪನಿಯದ್ದೇ ಅನ್ನುತ್ತೇವೆ. ಎರಡೂ ಸತ್ಯ. ಈ ಎರಡು ಸತ್ಯಗಳ ನಡುವೆ ಆ 44 ಅಂಕ ಯಾರ ಲೆಕ್ಕಕ್ಕೂ ಸೇರದೆ ಕಳೆದುಹೋಯಿತು.

ಮಾರ್ಕೆಟ್ ಅನ್ನುವ ಮಾತು

ಹುದ್ದೆ ತೂಗುವುದು ಅರ್ಧ ಕೆಲಸ. ಇನ್ನರ್ಧ ಸಂಬಳದ ಸರ್ವೆ. ನಾನು ನಾಲ್ಕು ವರ್ಷ ಅದನ್ನೇ ಮಾಡಿದೆ. ಕಂಪನಿಗಳು ತಮ್ಮ ಸಂಬಳದ ವಿವರ ನಮಗೆ ಕೊಡುತ್ತವೆ, ನಾವು ಹೆಸರು ತೆಗೆದು, ಒಟ್ಟು ಸೇರಿಸಿ, ನಡುವಿನ ಅಂಕಿ ಎಷ್ಟು, ಮೇಲಿನ ಕಾಲು ಭಾಗ ಎಲ್ಲಿಂದ ಶುರು ಅಂತ ತಿರುಗಿ ಅವರಿಗೇ ಕೊಡುತ್ತೇವೆ. ಪೈಪೋಟಿಯಲ್ಲಿರುವ ಕಂಪನಿಗಳು ನೇರವಾಗಿ ಕೂತು ಸಂಬಳ ಮಾತಾಡಿಕೊಂಡರೆ ಅದು ಒಳಸಂಚು. ಮಧ್ಯದಲ್ಲಿ ನಾವಿದ್ದರೆ ಸರ್ವೆ. ಗೆರೆ ಅಷ್ಟು ತೆಳು. ಅಮೆರಿಕದಲ್ಲಿ 1996ರಲ್ಲಿ ಆಸ್ಪತ್ರೆಗಳ ವಿಷಯದಲ್ಲಿ ಸರ್ಕಾರ ಆ ಗೆರೆಯನ್ನು ಬರೆದೇ ಕೊಟ್ಟಿತ್ತು: ಸರ್ವೆಯನ್ನು ಮೂರನೆಯವರು ನಡೆಸಬೇಕು, ಮಾಹಿತಿ 3 ತಿಂಗಳಿಗಿಂತ ಹಳೆಯದಿರಬೇಕು, ಪ್ರತಿ ಅಂಕಿಯ ಹಿಂದೆ ಕನಿಷ್ಠ 5 ಸಂಸ್ಥೆಗಳಿರಬೇಕು, ಯಾರೊಬ್ಬರ ಪಾಲೂ 25% ದಾಟಬಾರದು. ಬೇರೆ ಉದ್ಯಮಗಳಲ್ಲೂ ಸರ್ವೆ ಮಾಡುವವರು ಇದನ್ನೇ ಅಳತೆಗೋಲಾಗಿ ಇಟ್ಟುಕೊಂಡಿದ್ದರು. ಹೀಗೆ ಮಾಡಿದರೆ ತಕರಾರಿಲ್ಲ ಎಂಬ ಆ ರಿಯಾಯಿತಿಯನ್ನು 2023ರಲ್ಲಿ ವಾಪಸ್ ತೆಗೆದುಕೊಂಡರು. ಕಂಪ್ಯೂಟರುಗಳು ಈಗ ಹಳೇ ಮಾಹಿತಿಯಿಂದಲೂ ಇವತ್ತಿನದನ್ನು ಊಹಿಸಬಲ್ಲವು, ಹಾಗಾಗಿ ಮೂರು ತಿಂಗಳ ಅಡ್ಡಗೋಡೆಗೆ ಮೊದಲಿನ ಬೆಲೆ ಇಲ್ಲ ಎಂಬುದೂ ಅದರ ಹಿಂದಿನ ಯೋಚನೆ.

ಸರ್ವೆಯ ಅಂಕಿಗೆ ಒಂದು ವಿಚಿತ್ರ ಗುಣ ಇದೆ. ಅದು ಇರುವುದನ್ನು ಅಳೆಯುತ್ತದೆ ಅಂತ ಹೇಳಿಕೊಂಡು ಬರುತ್ತದೆ, ಬಂದ ಮೇಲೆ ಇರುವುದನ್ನೇ ಬದಲಿಸುತ್ತದೆ. ಮೇಲಿನ ಹುದ್ದೆಗಳಲ್ಲಿ ಇದು ಏರಿಸುವ ಕಡೆಗೇ ಕೆಲಸ ಮಾಡುತ್ತದೆ. ನಮ್ಮ ಮುಖ್ಯಸ್ಥರು ಸರಾಸರಿಗಿಂತ ಕಡಿಮೆಯವರು ಅಂತ ಯಾವ ಬೋರ್ಡೂ ಹೇಳುವುದಿಲ್ಲ. ಎಲ್ಲರೂ ನಡುವಿನ ಅಂಕಿಗಿಂತ ಸ್ವಲ್ಪ ಮೇಲೆ ಕೊಡೋಣ ಅಂದರೆ ಮುಂದಿನ ವರ್ಷ ನಡುವಿನ ಅಂಕಿಯೇ ಮೇಲೆ ಹೋಗಿರುತ್ತದೆ. ಇದರ ಶುರು ಹುಡುಕಿದರೆ ಮೆಕಿನ್ಸಿ ಎಂಬ ಸಲಹಾ ಸಂಸ್ಥೆಯ ಆರ್ಚ್ ಪ್ಯಾಟನ್ ಸಿಗುತ್ತಾರೆ. 1950ರ ಸುಮಾರಿಗೆ ಅವರು ದೊಡ್ಡ ಕಂಪನಿಗಳ ಮೇಲಿನವರ ಸಂಬಳ ಹೋಲಿಸಿ ನೋಡಿದರು. ಯುದ್ಧದ ಆಸುಪಾಸಿನ ವರ್ಷಗಳಲ್ಲಿ ಕಾರ್ಮಿಕರ ಕೂಲಿ ಏರಿದಷ್ಟು ವೇಗವಾಗಿ ಅದು ಏರಿಲ್ಲ ಅಂತ ಬರೆದರು. ಆ ಹೋಲಿಕೆ ಎಲ್ಲ ಕಂಪನಿಗಳಿಗೂ ಬೇಕಾಯಿತು. ವರ್ಷಗಳು ಕಳೆದ ಮೇಲೆ ತಮ್ಮ ಕೆಲಸದ ಪರಿಣಾಮದ ಬಗ್ಗೆ ಏನನಿಸುತ್ತದೆ ಅಂತ ಅವರನ್ನೇ ಕೇಳಿದಾಗ, ತಪ್ಪಿತಸ್ಥ ಅನಿಸುತ್ತದೆ ಎಂಬ ಅರ್ಥದ ಒಂದೇ ಪದ ಹೇಳಿದರಂತೆ. ಆ ಮನುಷ್ಯನ ಬಗ್ಗೆ ನನಗೆ ಗೌರವ ಇದೆ. ಅಂಕಿಯ ಹಿಂದೆ ಅಡಗಿ ಕೂರಬಹುದಿತ್ತು, ಕೂರಲಿಲ್ಲ.

2007ರಲ್ಲಿ ಅಮೆರಿಕದ ಸಂಸತ್ತಿನ ಒಂದು ಸಮಿತಿ ಇನ್ನೊಂದು ವಿಷಯ ಹೊರಗೆ ತಂದಿತು. ಅಲ್ಲಿನ 250 ದೊಡ್ಡ ಕಂಪನಿಗಳಲ್ಲಿ 113ರಲ್ಲಿ, ಮುಖ್ಯಸ್ಥರ ಸಂಬಳ ಎಷ್ಟಿರಬೇಕು ಅಂತ ಸಲಹೆ ಕೊಡುವ ಸಂಸ್ಥೆಯೇ ಅದೇ ಕಂಪನಿಗೆ ಬೇರೆ ಸೇವೆಗಳನ್ನೂ ಮಾರುತ್ತಿತ್ತು. ಆ ಬೇರೆ ಸೇವೆಗಳಿಂದ ಸಿಗುತ್ತಿದ್ದ ದುಡ್ಡು ಸಂಬಳದ ಸಲಹೆಗೆ ಸಿಗುವುದಕ್ಕಿಂತ ಸರಾಸರಿ ಸುಮಾರು 11 ಪಟ್ಟು. ಪಿಂಚಣಿ ನಿರ್ವಹಣೆಯ ದೊಡ್ಡ ಕಾಂಟ್ರಾಕ್ಟ್ ಕೊಡುವವರು ಯಾರೋ ಅವರ ಸಂಬಳವನ್ನೇ ತೂಗಬೇಕು. ಕೈ ನಡುಗದೆ ಇರುತ್ತದೆಯೇ? 2009ರ ಕೊನೆಗೆ ಷೇರು ನಿಯಂತ್ರಕರು ಇಂಥ ಶುಲ್ಕಗಳನ್ನು ಬಹಿರಂಗ ಮಾಡಬೇಕು ಅಂತ ನಿಯಮ ತಂದರು. ಮರುವರ್ಷವೇ ದೊಡ್ಡ ಸಂಸ್ಥೆಗಳಿಂದ ಆ ಸಲಹೆಗಾರರು ಸಿಡಿದು ಬಂದು ಪೇ ಗವರ್ನೆನ್ಸ್, ಮೆರಿಡಿಯನ್ ಎಂಬ ಬೇರೆ ಸಂಸ್ಥೆಗಳನ್ನು ಮಾಡಿಕೊಂಡರು. ಶುಲ್ಕ ಕಾಣುವಂತಾದ ಕೂಡಲೇ ನಡವಳಿಕೆ ಬದಲಾಯಿತು. ಇದನ್ನು ನಾನು ಮರೆತಿಲ್ಲ.

ಇನ್ನು ಉಳಿದ ಕತೆ ನಿಮಗೂ ಗೊತ್ತಿರುತ್ತದೆ. ಕಂಪನಿಗಳು ಎಚ್‌ಆರ್ ಕೆಲಸವನ್ನೇ ಹೊರಗೆ ಕೊಡಲು ಶುರು ಮಾಡಿದವು. 1999ರಲ್ಲಿ ಬಿಪಿ ತೈಲ ಕಂಪನಿ ಎಕ್ಸಲ್ಟ್ ಎಂಬ ಹೊಸ ಸಂಸ್ಥೆಗೆ ಕೊಟ್ಟದ್ದು ದೊಡ್ಡ ಸುದ್ದಿಯಾಗಿತ್ತು. ಆಮೇಲೆ ಒಬ್ಬರನ್ನೊಬ್ಬರು ಕೊಳ್ಳುವ ಕಾಲ. ಎಕ್ಸಲ್ಟನ್ನು ಹೆವಿಟ್ ಕೊಂಡಿತು, ಹೆವಿಟ್ಟನ್ನು 2010ರಲ್ಲಿ ವಿಮಾ ದಲ್ಲಾಳಿ ಏಯಾನ್ ಕೊಂಡಿತು. ಅದೇ ವರ್ಷ ಟವರ್ಸ್ ಪೆರಿನ್, ಮೊದಲೇ ಒಂದಾಗಿದ್ದ ವಾಟ್ಸನ್ ವಯಟ್ ಜೊತೆ ಸೇರಿತು, 2016ರಲ್ಲಿ ಎರಡೂ ಇನ್ನೊಂದು ವಿಮಾ ದಲ್ಲಾಳಿ ಸಂಸ್ಥೆ ವಿಲ್ಲಿಸ್ ಜೊತೆ ಸೇರಿದವು. ಹೇ ಸಂಸ್ಥೆ 2015ರಲ್ಲಿ ಕಾರ್ನ್ ಫೆರಿ ಎಂಬ ಸಂಸ್ಥೆಯ ಪಾಲಾಯಿತು. ಏಯಾನ್ ಮತ್ತು ವಿಲ್ಲಿಸ್ ಕೂಡ ಒಂದಾಗಬೇಕಿತ್ತು, ಅಮೆರಿಕದ ಸರ್ಕಾರ ಕೋರ್ಟಿಗೆ ಹೋದ ಮೇಲೆ 2021ರಲ್ಲಿ ಕೈಬಿಟ್ಟರು. ಅಂಕ ಹಾಕುವವರು ಕಡಿಮೆಯಾಗುತ್ತಾ, ಅಂಕ ಹಾಕಿಸಿಕೊಳ್ಳುವವರು ಜಾಸ್ತಿಯಾಗುತ್ತಾ ಬಂದರು. ಈಗ ಸಾಫ್ಟ್‌ವೇರ್ ಕೂಡ ಅಂಕ ಹಾಕುತ್ತದೆ. ಅಮೆಜಾನ್ ಪ್ರಯೋಗಕ್ಕೆಂದು ಕಟ್ಟಿದ ಒಂದು ಯಂತ್ರ ಹತ್ತು ವರ್ಷದ ಅರ್ಜಿಗಳನ್ನು ನೋಡಿ ಕಲಿತು, ಹೆಂಗಸರ ಅರ್ಜಿಗಳನ್ನು ಕೆಳಗೆ ತಳ್ಳುತ್ತಿತ್ತು ಅಂತ 2018ರಲ್ಲಿ ಸುದ್ದಿಯಾಯಿತು. ಕಂಪನಿ ಅದನ್ನು ಕೈಬಿಟ್ಟಿತ್ತು. ಅದನ್ನು ಓದಿದಾಗ ನನಗೆ ಆ ಗೋಡೆಯ ಮೇಲಿನ ಪಟ್ಟಿಯೇ ಕಣ್ಣಮುಂದೆ ಬಂತು. ನಾವು ಮಾಡಿದ್ದೂ ಅದನ್ನೇ. ಹಳೇ ಪಟ್ಟಿ ನೋಡಿ ಕಲಿತ ಕಣ್ಣಿನಿಂದ ಹೊಸ ಪಟ್ಟಿ ತಿದ್ದಿದೆವು.

ಅದೇ ಅಂಕ, ಬೇರೆಯವರ ಕೈಯಲ್ಲಿ

ಇಷ್ಟೆಲ್ಲಾ ಆದ ಮೇಲೂ ನಾನು ಈ ಕೆಲಸ ಬಿಡಲಿಲ್ಲ. ಅದಕ್ಕೆ ಒಂದು ಕಾರಣ ಅಮೆರಿಕದ ವಾಷಿಂಗ್ಟನ್ ರಾಜ್ಯದ ಕತೆ. 1974ರಲ್ಲಿ ಅಲ್ಲಿನ ಗವರ್ನರ್ ಡ್ಯಾನಿಯಲ್ ಇವಾನ್ಸ್ ಸರ್ಕಾರಿ ಹುದ್ದೆಗಳನ್ನು ತೂಗಿಸಿದರು. ತೂಗಿದವರು ನಾರ್ಮನ್ ವಿಲ್ಲಿಸ್ ಎಂಬ ಕನ್ಸಲ್ಟೆಂಟ್. ಹೆಚ್ಚಾಗಿ ಹೆಂಗಸರೇ ಮಾಡುವ, ಹೆಚ್ಚಾಗಿ ಗಂಡಸರೇ ಮಾಡುವ 121 ಹುದ್ದೆಗಳನ್ನು ಆರಿಸಿ, ಬೇಕಾದ ಜ್ಞಾನ, ಯೋಚನೆ, ಹೊಣೆ, ಕೆಲಸದ ಪರಿಸ್ಥಿತಿ ಎಲ್ಲಕ್ಕೂ ಅಂಕ ಹಾಕಿದರು. ನಾನು ಹಾಕುತ್ತಿದ್ದಂಥದ್ದೇ ಅಂಕ. ಒಂದೇ ಅಂಕ ಬಂದ ಕಡೆಯೂ ಹೆಂಗಸರ ಹುದ್ದೆಗೆ ಸುಮಾರು 20% ಕಡಿಮೆ ಸಂಬಳ ಇತ್ತು. ವರದಿ ಬಂತು. ವರ್ಷಗಟ್ಟಲೆ ಸಂಬಳ ಬದಲಾಗಲಿಲ್ಲ. ಆದರೆ ಆ ವರದಿಯನ್ನು ಗೌಪ್ಯ ಅಂತ ಕಪಾಟಿನಲ್ಲಿ ಇಟ್ಟು ಬೀಗ ಹಾಕಿರಲಿಲ್ಲ, ನೌಕರರ ಯೂನಿಯನ್ ಕೈಗೂ ಅಂಕಗಳು ಸಿಕ್ಕಿದ್ದವು.

ಯೂನಿಯನ್ ಕೋರ್ಟಿಗೆ ಹೋಯಿತು. 1983ರಲ್ಲಿ ಗೆದ್ದಿತು. 1985ರಲ್ಲಿ ಮೇಲ್ಮನವಿಯಲ್ಲಿ ಸೋತಿತು. ಮಾರ್ಕೆಟ್ ಹಾಗಿದ್ದರೆ ಸರ್ಕಾರ ಏನು ಮಾಡಬೇಕು, ಒಂದು ಅಧ್ಯಯನ ಮಾಡಿಸಿದ ಮಾತ್ರಕ್ಕೆ ಅದರಂತೆ ನಡೆಯಲೇಬೇಕೆಂದಿಲ್ಲ ಅನ್ನುವ ಧಾಟಿಯ ತೀರ್ಪು. ಅದನ್ನು ಬರೆದವರು ಆಮೇಲೆ ಸುಪ್ರೀಂ ಕೋರ್ಟಿಗೆ ಹೋದ ಆಂಥೊನಿ ಕೆನಡಿ. ಅಷ್ಟಾದರೂ ಅದೇ ವರ್ಷದ ಕೊನೆಯ ದಿನ ಸರ್ಕಾರ ಯೂನಿಯನ್ ಜೊತೆ ರಾಜಿ ಮಾಡಿಕೊಂಡು, ಆ ಹುದ್ದೆಗಳ ಸಂಬಳ ಏರಿಸಲು ಒಪ್ಪಿತು. ಅಷ್ಟರಲ್ಲಿ ಮಿನ್ನೆಸೋಟ ರಾಜ್ಯ 1982ರಲ್ಲೇ ಹೇ ಪದ್ಧತಿಯ ಅಂಕ ಇಟ್ಟುಕೊಂಡು ತನ್ನ ನೌಕರರಿಗೆ ಇದೇ ಕೆಲಸವನ್ನು ಕಾನೂನಿನ ಮೂಲಕ ಮಾಡಿತ್ತು. ಕಾನೂನಿನಲ್ಲಿ ಸೋತ ಒಂದು ವಾದ ಸಂಬಳದ ಚೀಟಿಯಲ್ಲಿ ಗೆದ್ದದ್ದು ಹೇಗೆ? ನನಗೆ ಅನಿಸುವುದು, ಒಮ್ಮೆ ಅಂಕ ಕಂಡ ಮೇಲೆ ಕಾಣದ ಹಾಗೆ ಮಾಡುವುದು ಯಾರಿಂದಲೂ ಆಗಲಿಲ್ಲ. ಚಾರ್ಟ್ ಅದೇ, ಕಾಲಮ್ಮುಗಳು ಅವೇ. ನೋಡಿದವರು ಮಾತ್ರ ಬೇರೆ.

ಯುರೋಪಿನ ಒಕ್ಕೂಟ 2023ರಲ್ಲಿ ತಂದ ಸಂಬಳ ಪಾರದರ್ಶಕತೆಯ ನಿರ್ದೇಶನವನ್ನು ನಾನು ಕೂತು ಓದಿದ್ದು ಈ ಕಾರಣಕ್ಕೇ. 2026ರ ಜೂನ್ 7ರೊಳಗೆ ಸದಸ್ಯ ದೇಶಗಳು ಅದನ್ನು ತಮ್ಮ ಕಾನೂನಿಗೆ ತರಬೇಕು ಅಂತ ಗಡುವು ಇಟ್ಟಿದ್ದಾರೆ. ತನ್ನಷ್ಟೇ ಬೆಲೆಯ ಕೆಲಸ ಮಾಡುವ ಗಂಡಸರಿಗೆ ಎಷ್ಟು, ಹೆಂಗಸರಿಗೆ ಎಷ್ಟು ಸರಾಸರಿ ಸಂಬಳ ಅಂತ ಕೇಳಿ ತಿಳಿಯುವ ಹಕ್ಕು ಕೆಲಸಗಾರರಿಗೆ ಸಿಗುತ್ತದೆ. ಕೆಲಸದ ಬೆಲೆ ತೂಗಲು ಕೌಶಲ, ಶ್ರಮ, ಹೊಣೆ, ಕೆಲಸದ ಪರಿಸ್ಥಿತಿ ಈ ನಾಲ್ಕನ್ನೂ ನೋಡಬೇಕು. ಅದರ ಜೊತೆಗೆ ಒಂದು ಸಣ್ಣ ಸಾಲು ಇದೆ. ಜನರ ಜೊತೆ ನಡೆದುಕೊಳ್ಳುವಂಥ ಮೃದು ಕೌಶಲಗಳನ್ನು ಕಡಿಮೆ ಮಾಡಿ ತೂಗಬಾರದು ಅಂತ. ಆ ಸಾಲನ್ನು ಎರಡು ಸಲ ಓದಿದೆ. "ಆಯ್ತಕ್ಕ" ಅಂತ ಹೋಗಿ ಕೂತ ಆ ಡ್ರೈವರ್ ನೆನಪಾದ.

ನಾನೀಗ ಬೇರೆ ಸಂಸ್ಥೆಯಲ್ಲಿದ್ದೇನೆ, ಸಣ್ಣದು. ಹುದ್ದೆ ತೂಗುವ ಕೆಲಸ ಒಪ್ಪಿಕೊಳ್ಳುವಾಗ ಎರಡು ಷರತ್ತು ಮುಂದಿಡುತ್ತೇನೆ. ಬರೆದುಕೊಂಡ ಹುದ್ದೆಯ ವಿವರವನ್ನು ಸಮಿತಿಗೆ ಹೋಗುವ ಮುಂಚೆ ಆ ಕೆಲಸ ಮಾಡುವವರೇ ಓದಿ ತಿದ್ದಬೇಕು. ಬಂದ ಅಂಕವನ್ನು, ಯಾವ ಕಾಲಮ್ಮಿನಲ್ಲಿ ಎಷ್ಟು ಅನ್ನೋದರ ಸಮೇತ, ಅವರು ಕೇಳಿದರೆ ತೋರಿಸಬೇಕು. ಅದಕ್ಕೇ ಸೇರಿದ ಮಾತು, ಕೊನೆಯ ಸುತ್ತಿನಲ್ಲಿ ಬದಲಿಸಿದರೆ ಹಳೆಯದನ್ನೂ ಕಾರಣವನ್ನೂ ಅದೇ ಹಾಳೆಯಲ್ಲಿ ಬಿಡಬೇಕು. ಎರಡನೇ ಷರತ್ತಿಗೆ ಬಹಳ ಜನ ಒಪ್ಪುವುದಿಲ್ಲ. ಎಲ್ಲರೂ ಬಂದು ಜಗಳ ಮಾಡಿದರೆ ಏನು ಮಾಡೋದು ಅನ್ನುತ್ತಾರೆ. ಜಗಳ ಆಗುತ್ತದೆ, ನಿಜ. ಒಂದು ಕಡೆ ಮೂರು ವಾರ ಅದರಲ್ಲೇ ಹೋಯಿತು, ನಮಗೆ ಆ ಕೆಲಸದಲ್ಲಿ ಲಾಭವೂ ಉಳಿಯಲಿಲ್ಲ. ಕೆಲವು ಕೆಲಸಗಳು ಈ ಷರತ್ತಿನಿಂದ ಕೈತಪ್ಪಿವೆ. ಆದರೂ ಬಿಡೋಕೆ ಮನಸ್ಸಿಲ್ಲ.

ಕಳೆದ ತಿಂಗಳು ನಮ್ಮ ಹೊಸ ಹುಡುಗಿಯೊಬ್ಬಳು ಇಂಥದ್ದೇ ಫಾರ್ಮ್‌ಗಳ ಕಟ್ಟು ಹಿಡಿದುಕೊಂಡು ಬಂದಳು. ಒಂದು ಫಾರ್ಮಿನಲ್ಲಿ ಅವಳು ಟೈಪ್ ಮಾಡಿದ ಸಾಲನ್ನು ಯಾರೋ ಪೆನ್ನಿನಿಂದ ಹೊಡೆದುಹಾಕಿ, ಅಂಚಿನಲ್ಲಿ ಸಣ್ಣ ಅಕ್ಷರದಲ್ಲಿ ತುಂಬಾ ಬರೆದಿದ್ದರು. ಜಾಗ ಸಾಲದೆ ಹಾಳೆ ತಿರುಗಿಸಿ ಹಿಂದೆಯೂ ಬರೆದಿದ್ದರು. ಇದನ್ನು ಕಂಪ್ಯೂಟರಿಗೆ ಹಾಕೋದು ಹೇಗೆ ಸರ್, ಒಂದು ಸಾಲಿಗೆ ಮಾತ್ರ ಜಾಗ ಇದೆ ಅಂದಳು. ಕೂತ್ಕೋ ಅಂದೆ. ಇಬ್ಬರೂ ಸೇರಿ ಮೊದಲಿನಿಂದ ಓದಲು ಶುರು ಮಾಡಿದೆವು.